ಪ್ಲಗ್ ಇದ್ವಲ್ ಮತ್ತು ಫೋನ್ ಬಾರದ ಮಂಗಳವಾರ

ಬೆಳಿಗ್ಗೆ ಆರು ಗಂಟೆ. ಉತ್ತರ ವೇಲ್ಸಿನ ಪೆನ್‌ಗರ್ತ್‌ನಲ್ಲಿ ಗುಡ್ಡಕ್ಕೆ ಒರಗಿಕೊಂಡ ಕೊನೆಯ ಸಾಲಿನ ಒಂದು ಮನೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿದೆ. ಬಟ್ಟೆ ಒಗೆಯುವ ಯಂತ್ರ ಖಾಲಿ ಹೊಟ್ಟೆಯಲ್ಲೇ ಗಿರಗಿರ ತಿರುಗುತ್ತಿದೆ. ನಡುಮನೆಯಲ್ಲಿ ಕಸ ಎಳೆಯುವ ಯಂತ್ರ ಗುಡಿಸುವವರಿಲ್ಲದೆ ನಿಂತಲ್ಲೇ ಕೂಗುತ್ತಿದೆ. ಮೆಟ್ಟಿಲ ಮೇಲೆ ಮಲಗಿಸಿಟ್ಟ ಹೇರ್ ಡ್ರೈಯರ್ ಯಾರ ಕೂದಲನ್ನೂ ಒಣಗಿಸದೆ ಬಿಸಿಗಾಳಿ ಊದುತ್ತಿದೆ. ಇವೆಲ್ಲದರ ನಡುವೆ ಇದ್ವಲ್ ಪ್ರಿಚರ್ಡ್ ಅಡುಗೆಮನೆಯ ಕಟ್ಟೆಗೆ ಗಲ್ಲ ಊರಿ, ಗೋಡೆಯ ಸಾಕೆಟ್ಟಿಗೆ ಚುಚ್ಚಿದ ಬಿಳಿಯ ಡಬ್ಬಿಯೊಂದರ ಪುಟ್ಟ ದೀಪವನ್ನು ನೋಡುತ್ತಿದ್ದಾರೆ.

"ಆಂಟಿ ನೆಸ್ತಾ, ಕೇಕ್ ಕಲಸೋ ಮಿಕ್ಸರ್ ಕೂಡ ಹಾಕಿ."

"ಅದರಲ್ಲಿ ಹಿಟ್ಟಿಲ್ಲ ಕಣೋ."

"ಹಿಟ್ಟು ಬೇಡ. ಗಲಾಟೆ ಬೇಕು."

ಪಕ್ಕದ ಮನೆಯ ಕಿಟಕಿ ತೆರೆಯುತ್ತದೆ. ಯಾರನ್ನು ಕೊಲ್ಲುತ್ತಿದ್ದೀರಿ ಎಂದು ಒಂದು ನಿದ್ದೆಗಣ್ಣಿನ ದನಿ ಕೇಳುತ್ತದೆ. "ಪ್ಲಗ್ ಇದ್ವಲ್ ಬಂದಿದ್ದಾನೆ," ಎನ್ನುತ್ತಾರೆ ಮನೆಯೊಡತಿ ನೆಸ್ತಾ. ಕಿಟಕಿ ಮುಚ್ಚಿಕೊಳ್ಳುತ್ತದೆ. ಈ ಊರಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಹಾಲಿನವನ ಹೆಸರಿಗೆ ಹಾಲು, ಬ್ರೆಡ್ಡಿನವನ ಹೆಸರಿಗೆ ಬ್ರೆಡ್ಡು ಅಂಟುವ ಊರು ಇದು. ಇದ್ವಲ್ ಅವರಿಗೆ ಅಂಟಿದ್ದು ಪ್ಲಗ್ಗು. ಅವರು ಮಾರುವುದು, ಜೋಡಿಸುವುದು, ಕೆಟ್ಟರೆ ಸರಿಮಾಡುವುದು ಈ ಬಿಳಿ ಡಬ್ಬಿಗಳನ್ನು. ಇವು ಯಾವಾಗಲೂ ಜೋಡಿಯಾಗಿ ಇರುತ್ತವೆ. ಒಂದನ್ನು ಇಂಟರ್ನೆಟ್ಟಿನ ರೂಟರ್ ಪಕ್ಕದ ಸಾಕೆಟ್ಟಿಗೆ ಹಾಕಿ ತಂತಿಯಿಂದ ರೂಟರಿಗೆ ಜೋಡಿಸುತ್ತಾರೆ. ಇನ್ನೊಂದನ್ನು ಸಿಗ್ನಲ್ ತಲುಪದ ಕೋಣೆಯ ಹತ್ತಿರ ಹಾಕುತ್ತಾರೆ. ಅಷ್ಟಕ್ಕೆ ಮನೆಯ ಕರೆಂಟಿನ ತಂತಿಯೇ ಇಂಟರ್ನೆಟ್ಟಿನ ತಂತಿಯೂ ಆಗುತ್ತದೆ. ಸೆಕೆಂಡಿಗೆ ಐವತ್ತು ಸಲ ತೂಗುವ ವಿದ್ಯುತ್ತಿನ ದೊಡ್ಡ ಅಲೆಯ ಮೈಮೇಲೆ, ಲಕ್ಷಗಟ್ಟಲೆ ಸಲ ಕಂಪಿಸುವ ಕಿರು ಅಲೆಯೊಂದು ಮಾತು ಹೊತ್ತು ಓಡುತ್ತದೆ. ದೊಡ್ಡದಕ್ಕೆ ಚಿಕ್ಕದರ ಪರಿವೆಯೇ ಇಲ್ಲ.

ಪೆನ್‌ಗರ್ತ್‌ನಂಥ ಊರುಗಳಿಗೆಂದೇ ಇದನ್ನು ಮಾಡಿದಂತಿದೆ. ಸ್ಲೇಟು ಕ್ವಾರಿಯ ಉಳಿಕೆ ಕಲ್ಲಿನಿಂದಲೇ ಕಟ್ಟಿದ ಇಲ್ಲಿನ ಒಳಗೋಡೆಗಳು ಒಂದು ಮೊಳಕ್ಕೂ ಹೆಚ್ಚು ದಪ್ಪ. ಮುಂದಿನ ಕೋಣೆಯ ರೂಟರಿನ ಅಲೆ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ತೂತು ಕೊರೆದು ತಂತಿ ಎಳೆಯೋಣವೆಂದರೆ ಕಲ್ಲಿನ ನಡುವೆ ತುಂಬಿದ ಚೂರುಗಳು ಕುಸಿದು ಬೈರಿಗೆಯನ್ನೇ ನುಂಗುತ್ತವೆ. ಕಣಿವೆಯ ತಳದಲ್ಲಿ ಮೊಬೈಲ್ ಕೂಡ ಮೂಕ. "ಗೋಡೆ ಕಟ್ಟಿದೋರು ಚಳಿ ಒಳಗೆ ಬರಬಾರದು ಅಂತ ಕಟ್ಟಿದ್ರು. ಪಾಪ, ಅವರಿಗೆ ಇನ್ನೇನು ಗೊತ್ತಿತ್ತು?" ಎನ್ನುತ್ತಾರೆ ಇದ್ವಲ್.

ಅರುವತ್ತು ದಾಟಿದ ಇದ್ವಲ್ ಮೊದಲು ಟೆಲಿಫೋನ್ ಕಂಬ ಹತ್ತುವ ಕೆಲಸದಲ್ಲಿದ್ದವರು. ಬಿರುಗಾಳಿ ಎದ್ದ ಮಾರನೆಯ ದಿನ ಹರಿದ ತಂತಿಗಳನ್ನು ಹುಡುಕಿಕೊಂಡು ಗುಡ್ಡ ಅಲೆದವರು. ಹೊಸ ತಂತಿಗಳು ನೆಲದಡಿ ಹೋದಾಗ ಕಂಬಗಳ ಜೊತೆಗೆ ಕಂಬ ಹತ್ತುವವರೂ ಬೇಡವಾದರು. ಮದುವೆಯಾಗಲಿಲ್ಲ. ಅಣ್ಣ ಈವಾನ್ ಜೊತೆ ಒಂದೇ ಮನೆಯಲ್ಲಿದ್ದರು. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ. ಈವಾನ್ ಊರಿನ ಗಂಡಸರ ಹಾಡಿನ ಮೇಳದಲ್ಲಿದ್ದರು. ಇದ್ವಲ್‌ಗೆ ಶ್ರುತಿ ಹಿಡಿಯಲು ಬರುವುದಿಲ್ಲ. ಪೆನ್‌ಗರ್ತ್‌ನಲ್ಲಿ ಹುಟ್ಟಿ ಹಾಡು ಬಾರದವನಾಗುವುದೆಂದರೆ ಹಬ್ಬದೂಟದ ಪಂಕ್ತಿಯಲ್ಲಿ ಉಪವಾಸವಿದ್ದಂತೆ. ಎಲ್ಲರ ಜೊತೆ ಕೂತಿರಬಹುದು, ಅಷ್ಟೆ.

ದಿನಕ್ಕೆ ಮೂರು ನಾಲ್ಕು ಮನೆ ಸುತ್ತುತ್ತಾರೆ. ಅರ್ಧದಷ್ಟು ಕರೆಗಳಲ್ಲಿ ರೋಗ ಒಂದೇ: ಮಲಗುವ ಮುಂಚೆ ಮನೆಯ ಸಾಕೆಟ್ಟುಗಳನ್ನೆಲ್ಲ ಆರಿಸುವ ಹಿರಿಯರು ಬಿಳಿ ಡಬ್ಬಿಯನ್ನೂ ಆರಿಸಿರುತ್ತಾರೆ, ಬೆಳಿಗ್ಗೆ ಹಾಕಲು ಮರೆತಿರುತ್ತಾರೆ. ಸ್ವಿಚ್ ಒತ್ತಿ, ಚಹಾ ಕುಡಿದು, ಒಣದ್ರಾಕ್ಷಿಯ ಬ್ರೆಡ್ಡಿನ ಒಂದು ಹೋಳು ತಿಂದು ಇದ್ವಲ್ ಹೊರಡುತ್ತಾರೆ. ಆ ಮನೆಯವರು ಮತ್ತೆ ನೆನಪಿಸಿಕೊಳ್ಳುವುದು ಮತ್ತೇನಾದರೂ ಕೆಟ್ಟಾಗ. "ನನ್ನ ಫೋನ್ ಹೊಡ್ಕೊಂತು ಅಂದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತ್ಲೇ. ಸುಮ್ಮನೆ ಯಾರೂ ಮಾಡಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಮನೆ ಸದ್ದಿಲ್ಲದೆ ಬಿದ್ದಿರುತ್ತೆ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಇವತ್ತಿನ ಗಲಾಟೆಗೆ ಕಾರಣ ಮಹಡಿಯ ಹಿಂದಿನ ಕೋಣೆಯಲ್ಲಿದ್ದಾರೆ. ನೆಸ್ತಾ ಅವರ ಗಂಡ ಟ್ರೆಫೋರ್ ಕ್ವಾರಿಯಲ್ಲಿ ದುಡಿದವರು; ಸ್ಲೇಟಿನ ಧೂಳು ಅವರ ಎದೆಯಲ್ಲಿ ಉಳಿದುಬಿಟ್ಟಿದೆ. ಮಂಚದ ಪಕ್ಕದ ಯಂತ್ರವೊಂದು ಕೋಣೆಯ ಗಾಳಿಯಿಂದ ಆಮ್ಲಜನಕ ಸೋಸಿ, ಕೊಳವೆಯಲ್ಲಿ ಅವರ ಮೂಗಿಗೆ ತಲುಪಿಸುತ್ತದೆ. ಮೆಟ್ಟಿಲಿಳಿಯಲು ಆಗುವುದಿಲ್ಲ. ಆದರೆ ಮೇಳದ ತಳದ ದನಿ, ಉಳಿದ ದನಿಗಳೆಲ್ಲ ಕಾಲೂರಿ ನಿಲ್ಲುವ ಆ ಕೆಳಗಿನ ದನಿ, ಅವರ ಬಳಿ ಇದೆ. ಕಾಗದದ ಮೇಲಿರುವುದು ಸ್ವರ ಮಾತ್ರ. ಯಾವ ಸಾಲಿನ ಯಾವ ಅಕ್ಷರದ ಹಿಂದೆ, ಕೇಳುವವರಿಗೆ ತಿಳಿಯದಂತೆ, ಉಸಿರು ಕದಿಯಬೇಕು ಎನ್ನುವುದು ಟ್ರೆಫೋರ್‌ಗೆ ಗೊತ್ತು. ಅದನ್ನು ಹೊಸದಾಗಿ ಸೇರಿದ ಇಬ್ಬರಿಗೆ ಕಲಿಸಿಯೇ ತಾನು ಹೋಗುವುದೆಂದು ಅವರ ಹಟ.

ಹಾಗಾಗಿ ಪ್ರತಿ ಮಂಗಳವಾರ ಸಂಜೆ ಏಳಕ್ಕೆ, ಮೇಳದ ಅಭ್ಯಾಸದ ಹೊತ್ತಿಗೆ, ನೆಸ್ತಾ ಟ್ಯಾಬ್ಲೆಟ್ಟನ್ನು ಚೀಲದಲ್ಲಿಟ್ಟುಕೊಂಡು ಊರ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಹಿಂದಿನ ಕೋಣೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಗಂಡನ ಕುರ್ಚಿಯ ಮೇಲೆ ನಿಲ್ಲಿಸುತ್ತಾರೆ. ಮನೆಯಲ್ಲಿ ಟ್ರೆಫೋರ್ ಇನ್ನೊಂದು ಟ್ಯಾಬ್ಲೆಟ್ಟಿನ ಮುಂದೆ. ಮೇಳ ಹಾಡುವಾಗ ಅವರು ಕೇಳುತ್ತಾರೆ. ಮೇಳ ನಿಂತಾಗ ಅವರು ಒಂದೊಂದೇ ಸಾಲು ಹಾಡಿ ತೋರಿಸುತ್ತಾರೆ.

ಮೊದಲ ಸಲ ಇದ್ವಲ್ ಡಬ್ಬಿಯನ್ನು ಟ್ರೆಫೋರ್ ಅವರ ಮಂಚದ ಬಳಿಯ ಸಾಕೆಟ್ಟಿಗೇ ಹಾಕಿದರು. ರೋಗಿಗೆ ತೊಂದರೆಯಾಗದಿರಲೆಂದು ಬೆಳಗಿನ ಹೊತ್ತು, ನೆಸ್ತಾ ಯಂತ್ರ ನಿಲ್ಲಿಸಿ ಅದರ ಜಾಳಿಗೆ ತೊಳೆಯುವ ಐದು ನಿಮಿಷದಲ್ಲಿ, ಪರೀಕ್ಷೆ ಮಾಡಿದರು. ದೀಪ ಹಸಿರು. ಸಂಜೆ ಹಾಡು ಚೂರುಚೂರಾಯಿತು. ಮತ್ತೆ ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಹಸಿರು. ಮೂರನೆಯ ವಾರ ಯಾರೂ ದೂರಲಿಲ್ಲ. ಟ್ರೆಫೋರ್ ದನಿ ಗಂಟೆ ಹೊಡೆದ ಹಾಗಿತ್ತು ಎಂದು ಮೇಳವನ್ನು ನಡೆಸುವ ಮೆನ್ನಾ ಅಂಗಡಿಯಲ್ಲಿ ಸಿಕ್ಕು ಹೊಗಳಿದರು. ಇದ್ವಲ್‌ಗೆ ಹೆಮ್ಮೆಯಾಯಿತು.

ನಾಲ್ಕನೆಯ ಮಂಗಳವಾರ ಅವರು ಆ ಮನೆಗೆ ಹೋದದ್ದು ಬಿಟ್ಟುಬಂದ ಟೆಸ್ಟರ್ ತರಲು. "ಟೆಸ್ಟರ್ ಮಾರನೇ ದಿನ ತಂದ್ರೂ ಆಗ್ತಿತ್ತು. ಹಾಡು ಕೇಳೋಣ ಅಂತ ಹೋದೆ. ಹೊರಗೆ ನಿಂತು ಕೇಳೋಕೆ ಶ್ರುತಿ ಬರಬೇಕು ಅಂತೇನಿಲ್ಲವಲ್ಲ," ಎನ್ನುತ್ತಾರೆ. ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಕಾಲಿಟ್ಟಾಗ ಮಹಡಿಯಿಂದ ಹಾಡು ಕೇಳಿತು, ಬೇರೇನೂ ಕೇಳಲಿಲ್ಲ. ಆ ಮನೆಯಲ್ಲಿ ಸದಾ ಇರುವ ಗುರ್ ಎನ್ನುವ ಸದ್ದು ಇರಲಿಲ್ಲ.

ಮೆಟ್ಟಿಲು ಹತ್ತಿ ನೋಡಿದರೆ ಟ್ರೆಫೋರ್ ಮೂಗಿನ ಕೊಳವೆಯನ್ನು ಹಣೆಯ ಮೇಲೇರಿಸಿಕೊಂಡು ಹಾಡುತ್ತಿದ್ದಾರೆ. ತುಟಿ ನೇರಳೆಹಣ್ಣು ತಿಂದವರಂತಿದೆ. ಇದ್ವಲ್ ಯಂತ್ರದ ಸ್ವಿಚ್ ಒತ್ತಿದರು. ಯಂತ್ರ ಗುರುಗುಟ್ಟಿತು. ಟ್ಯಾಬ್ಲೆಟ್ಟಿನ ಚಿತ್ರ ನಿಂತು, ಮೆನ್ನಾ ಅವರ ಕೈ ಗಾಳಿಯಲ್ಲೇ ಹೆಪ್ಪುಗಟ್ಟಿತು.

"ನೋಡಿದ್ಯಾ?" ಉಸಿರು ಸಿಕ್ಕ ಮೇಲೆ ಟ್ರೆಫೋರ್ ಹೇಳಿದರು. "ನಾನು ಉಸಿರಾಡಿದ್ರೆ ನಿನ್ನ ಡಬ್ಬಿ ಉಸಿರಾಡಲ್ಲ. ಅದು ಉಸಿರಾಡಿದ್ರೆ ನಾನು ಆಡಬಾರದು. ಸರದಿ ಮೇಲೆ ಬದುಕ್ತಾ ಇದ್ದೀವಿ."

"ಯಾವತ್ತಿಂದ ಇದು?"

"ಮಲಗೋ ಕೋಣೇಲಿ ಟ್ರ್ಯಾಕ್ಟರ್ ಕಟ್ಕೊಂಡಿದ್ದೀಯಾ ಅಂತ ಮೇಳದೋರು ನಕ್ಕಿದ್ರು. ಸದ್ದು ಬೇಡ ಅಂತ ಆರಿಸಿದೆ. ಆರಿಸಿದ ಕೂಡ್ಲೇ ಚಿತ್ರನೂ ನೆಟ್ಟಗಾಯ್ತು. ನೆಸ್ತಾಗೆ ಹೇಳ್ಬೇಡ ಮಾರಾಯ."

"ನಾನು ಹೇಳಲ್ಲ. ನೀವೇ ಹೇಳ್ತೀರಿ. ಅವರು ಬರೋ ತನಕ ಇಲ್ಲೇ ಕೂತಿರ್ತೀನಿ."

ಕೂತರು. ಅಷ್ಟು ಹೊತ್ತಿನಲ್ಲಿ ಇದ್ವಲ್‌ಗೆ ತಮ್ಮ ತಪ್ಪು ಸ್ಪಷ್ಟವಾಯಿತು. ಯಂತ್ರದ ಮೋಟಾರು ತಂತಿಯ ಮೇಲೆ ಬಿಡುವ ವಿದ್ಯುತ್ ಗದ್ದಲ ಆ ಕಿರು ಅಲೆಯನ್ನು ಮುಳುಗಿಸುತ್ತಿತ್ತು. ತಾವು ಪರೀಕ್ಷೆ ಮಾಡುತ್ತಿದ್ದದ್ದು ಮಾತ್ರ ಆ ಗದ್ದಲ ಇಲ್ಲದ ಐದು ನಿಮಿಷದಲ್ಲಿ. "ಮನೆ ನಿದ್ದೆ ಮಾಡ್ತಾ ಇರುವಾಗ ನಾಡಿ ಹಿಡಿದು ಗಟ್ಟಿಮುಟ್ಟಾಗಿದೆ ಅಂದೆ. ಮನುಷ್ಯರು ಬದುಕೋದು ಎದ್ದಿರುವಾಗ ಅಲ್ವಾ." ಅಂದಿನಿಂದ ಅವರು ಎಲ್ಲ ಮನೆಗಳಲ್ಲೂ ಇದ್ದಬದ್ದ ಯಂತ್ರಗಳನ್ನೆಲ್ಲ ಓಡಿಸಿಯೇ ದೀಪ ನೋಡುತ್ತಾರೆ.

ಹತ್ತಿರದ ದಾರಿಯೊಂದಿತ್ತು. ಕೆಲವು ಡಬ್ಬಿಗಳಿಗೆ ಮೈಮೇಲೆ ಸಾಕೆಟ್ ಇರುತ್ತದೆ. ಗಲಾಟೆಯ ಯಂತ್ರವನ್ನು ಅದಕ್ಕೇ ಚುಚ್ಚಿದರೆ ಡಬ್ಬಿ ಗದ್ದಲವನ್ನು ಸೋಸುತ್ತದೆ. ಇದ್ವಲ್ ಒಪ್ಪಲಿಲ್ಲ. "ಉಸಿರಿನ ಯಂತ್ರ ನೇರ ಗೋಡೆಗೇ ಇರಬೇಕು. ನಡುವೆ ನನ್ನ ಡಬ್ಬಿ ಬೇಡ. ಡಬ್ಬಿ ಕೆಟ್ರೆ ಹಾಡು ನಿಲ್ಲಲಿ, ಇನ್ನೇನೂ ನಿಲ್ಲಬಾರದು." ಹುಡುಕಿದಾಗ ಸಿಕ್ಕಿದ್ದು ಅಡುಗೆಮನೆಯ ವಿದ್ಯುತ್ ಒಲೆಯ ಸ್ವಿಚ್ಚಿನ ಪಕ್ಕದ ಸಾಕೆಟ್. ಒಲೆಗೆಂದು ಫ್ಯೂಸ್ ಪೆಟ್ಟಿಗೆಯಿಂದ ಬೇರೆಯೇ ತಂತಿ ಬಂದಿರುತ್ತದೆ; ಮಹಡಿಯ ಗದ್ದಲ ಅದರವರೆಗೆ ಬರುವಷ್ಟರಲ್ಲಿ ಸೋತಿರುತ್ತದೆ. ಅಡುಗೆಮನೆಯ ನೇರ ಮೇಲೆಯೇ ಟ್ರೆಫೋರ್ ಅವರ ಕೋಣೆ. ನಡುವೆ ಇರುವುದು ಕಲ್ಲಲ್ಲ, ಹಲಗೆ. ಡಬ್ಬಿಯ ವೈಫೈ ಹಲಗೆ ದಾಟುತ್ತದೆ.

ತೊಡಕು ಒಂದೇ. ಆ ಸಾಕೆಟ್ಟಿನಲ್ಲಿ ಚಹಾದ ಕೆಟಲ್ ಇತ್ತು.

"ನಮ್ಮತ್ತೆ ಕಾಲದಿಂದ ಕೆಟಲ್ ಅಲ್ಲೇ ಇರೋದು," ಎಂದರು ನೆಸ್ತಾ. ಗಂಡನ ಗುಟ್ಟು ಕೇಳಿ ಆಗಷ್ಟೇ ಅತ್ತು ಮುಗಿಸಿದ್ದರು. ಗಂಡನ ಜೊತೆ ಮಾತು ಬಿಟ್ಟಿದ್ದರು.

"ಕಿಟಕಿ ಕಡೆ ಇಟ್ರೂ ನೀರು ಕುದಿಯುತ್ತೆ, ಆಂಟಿ."

"ಕತ್ತಲಲ್ಲೂ ಕೈ ತಾನಾಗೇ ಅಲ್ಲಿಗೇ ಹೋಗುತ್ತೆ ಕಣೋ. ಅವರ ಎದೆ ಕೆಟ್ಟಿದ್ದಕ್ಕೆ ನನ್ನ ಕೈ ಯಾಕೆ ಹೊಸದಾಗಿ ಕಲೀಬೇಕು?" ಎನ್ನುತ್ತಲೇ ಅವರು ಕೆಟಲ್ ಎತ್ತಿ ಕಿಟಕಿಯ ಬಳಿ ಇಟ್ಟರು. ಆಮೇಲೆ ಮೇಲಕ್ಕೆ ಕೇಳುವಂತೆ, "ಇನ್ನೊಂದ್ಸಲ ಆ ಯಂತ್ರ ಆರಿಸಿದ್ರೆ ನಾನೇ ನಿಮ್ಮನ್ನ ಆರಿಸ್ತೀನಿ," ಎಂದರು.

ಈ ಬೆಳಿಗ್ಗೆ ಒಲೆಯ ಸಾಕೆಟ್ಟಿನ ಡಬ್ಬಿಗೆ ಇದು ಮೊದಲ ಪರೀಕ್ಷೆ. ಮಿಕ್ಸರ್, ಡ್ರೈಯರ್, ಒಗೆಯುವ ಯಂತ್ರ, ಮೇಲೆ ಆಮ್ಲಜನಕದ ಯಂತ್ರ, ಎಲ್ಲವೂ ಓಡುತ್ತಿವೆ. ದೀಪ ಒಮ್ಮೆ ಕೆಂಪಾಗಲು ನೋಡಿ, ಮನಸ್ಸು ಬದಲಿಸಿ ಹಸಿರಾಗಿಯೇ ಉಳಿಯುತ್ತದೆ. ಮಹಡಿಯಿಂದ ಟ್ರೆಫೋರ್ ಅವರ ದನಿ ಇಳಿಯುತ್ತದೆ: "ಈ ಸದ್ದಲ್ಲಿ ಸತ್ತೋರೂ ಎದ್ದು ಕೂರ್ತಾರೆ. ನಾನಿನ್ನೂ ಬದುಕಿದ್ದೀನಿ, ನನಗೆ ಚಹಾ ಕೊಡಿ."

ಯಂತ್ರದ ಗುರುಗುಟ್ಟುವಿಕೆಯನ್ನು ಟ್ಯಾಬ್ಲೆಟ್ಟಿನಿಂದ ತೆಗೆಯಬಹುದು. ಬಾಯಿಯ ಹತ್ತಿರ ಕಟ್ಟಿಕೊಳ್ಳುವ ಚಿಕ್ಕ ಮೈಕು ಇದ್ವಲ್ ಅವರ ಚೀಲದಲ್ಲೇ ಇದೆ. ಮೆನ್ನಾ ಬೇಡವೆಂದಿದ್ದಾರೆ. "ಟ್ರ್ಯಾಕ್ಟರ್ ಸದ್ದು ಕೇಳಿಸೋ ತನಕ ನಾವು ಬಾಯೇ ತೆರೆಯಲ್ಲ. ನಡುವೆ ನಿಂತ್ರೆ ನಾವೂ ನಿಲ್ತೀವಿ," ಎನ್ನುವುದು ಮೇಳದ ಹೊಸ ಕಟ್ಟಳೆ. ಸದ್ದು ನಿಂತ ಕೂಡಲೇ ನೆಸ್ತಾ ಚಾಪೆಲ್ಲಿನ ಫೋನಿನಿಂದ ಇದ್ವಲ್‌ಗೆ ಕರೆ ಮಾಡಬೇಕು. ಟ್ರೆಫೋರ್ ಮನೆಗೆ ಇದ್ವಲ್ ಮನೆ ಮೂರೇ ಬಾಗಿಲಾಚೆ, ಎಲ್ಲರಿಗಿಂತ ಹತ್ತಿರ.

ಮಂಗಳವಾರ ಸಂಜೆ ಏಳು. ಇದ್ವಲ್ ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆಯ ಸೂಪು ಕುಡಿಯುತ್ತಿದ್ದಾರೆ. ಬೂಟು ಬಿಚ್ಚಿಲ್ಲ, ಕೋಟೂ ಮೈಮೇಲಿದೆ. ತಟ್ಟೆಯ ಪಕ್ಕದಲ್ಲಿ ಫೋನು. ಎದುರಿನ ಕುರ್ಚಿ ಈವಾನ್ ಅವರದ್ದು. ಚಾಪೆಲ್ ಇಲ್ಲಿಗೆ ಕೇಳಿಸುವುದಿಲ್ಲ, ಗೋಡೆ ದಪ್ಪ. ನಿಮಗೇನಾದರೂ ಆಸೆ ಇದೆಯೇ ಎಂದರೆ ಸೂಪಿನ ಚಮಚ ಕೆಳಗಿಡುತ್ತಾರೆ. "ಏನೂ ಕೆಡದೇನೇ ಯಾರಾದ್ರೂ ಒಂದ್ಸಲ ಫೋನ್ ಮಾಡಲಿ. ಹೇಗಿದ್ದೀಯಾ ಅಂತ." ಥಟ್ಟನೆ ಫೋನಿನ ಕಡೆ ನೋಡಿ ತಿದ್ದಿಕೊಳ್ಳುತ್ತಾರೆ: "ಮಂಗಳವಾರ ಮಾತ್ರ ಬೇಡ."

ಸೂಪು ಆರುತ್ತದೆ. ಗೋಡೆಯ ಗಡಿಯಾರ ಎಂಟು ಹೊಡೆಯುತ್ತದೆ. ಮೇಳದವರು ಕುರ್ಚಿ ಮಡಿಸುವ ಹೊತ್ತು. ಫೋನು ಮಿಸುಕಿಲ್ಲ. ಇದ್ವಲ್ ಬಗ್ಗಿ ಒಂದು ಬೂಟಿನ ದಾರ ಬಿಚ್ಚುತ್ತಾರೆ, ಆಮೇಲೆ ಇನ್ನೊಂದರದ್ದು.

"ಬರಲಿಲ್ಲ," ಎನ್ನುತ್ತಾರೆ. "ಟ್ರೆಫೋರ್ ಪೂರ್ತಿ ಹಾಡಿದ್ದಾರೆ."