ಹುಳುವಿಲ್ಲದ ಹುಳುಮನೆ

ಲೋಟ ಎತ್ತುವ ಮೊದಲು ನನ್ನಣ್ಣ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿಯುತ್ತಿದ್ದ, ನಡುಕ ಕಾಣಬಾರದೆಂದು. "ಇವತ್ತೊಂದಿನ ಕಣಮ್ಮ, ನಾಳೆಯಿಂದ ಇಲ್ಲ" ಎನ್ನುತ್ತಿದ್ದ. "ನಿನ್ನ ನಾಳೆ ಪಂಚಾಂಗದಲ್ಲೇ ಇಲ್ಲ ಬಿಡು" ಎಂದು ನಾನು ಹಂಗಿಸುತ್ತಿದ್ದೆ.

ಶಿಡ್ಲಘಟ್ಟದ ಹತ್ತಿರ ನಾವು ರೇಷ್ಮೆಹುಳು ಸಾಕುತ್ತೇವೆ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ತಾನೇ ಎದ್ದೇಳುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಕುಡಿತವೂ ಹಾಗೆಯೇ ಕಳಚುತ್ತದೆಂದು, ತೊಳೆದು ಖಾಲಿ ಬಿಟ್ಟಿದ್ದ ಹುಳುಮನೆಯಲ್ಲಿ ಅವನನ್ನು ಕೂಡಿಹಾಕಿದೆ. "ಹಾಕಮ್ಮ ಬೀಗ" ಎಂದು ಅವನೇ ಒಳಗೆ ಹೋಗಿದ್ದ.

ಮೂರನೆಯ ದಿನ ಮಧ್ಯಾಹ್ನ ಕೂಗಿದ: "ಹುಳಕ್ಕೆ ಸೊಪ್ಪು ಹಾಕಮ್ಮ! ನನ್ನೇ ಮೇಯ್ತಾ ಅವೆ!" ಒಳಗೆ ಒಂದು ಹುಳುವೂ ಇರಲಿಲ್ಲ. ಬಾಗಿಲಿಗೆ ಕಿವಿಯಿಟ್ಟೆ. ಸೊಪ್ಪು ಮೇಯುವ ಸರಸರ ಸದ್ದು ನನಗೂ ಕೇಳಿಸಿತು. ಆದರೂ ಬಾಗಿಲು ತೆಗೆಯಲಿಲ್ಲ. ಕೂಗು ನಿಂತ ಮೇಲೆ ತೆಗೆದೆ. ಅವನು ಸೆಟೆದು ಬಿದ್ದಿದ್ದ.

"ದಿನಾ ಕುಡಿಯೋರಿಗೆ ದಿಢೀರ್ ನಿಲ್ಸಿದ್ರೆ ಜೀವಾನೇ ಹೋಗ್ಬಹುದು. ಇದು ಹಠದಿಂದ ಆಗೋದಲ್ಲಮ್ಮ, ಔಷಧಿ ಬೇಕು" ಎಂದರು ಚಿಕ್ಕಬಳ್ಳಾಪುರದ ಡಾಕ್ಟರು.

ಅವನು ಬದುಕಿದ. ಒಮ್ಮೆ ಕುಡಿತಕ್ಕೆ ಜಾರಿ, ಮತ್ತೆ ಡಾಕ್ಟರ ಮಾತ್ರೆಗೆ ಮರಳಿದ. ಒಂದು ದಿನ ಸೊಪ್ಪು ಕೊಯ್ಯುತ್ತಾ ಕೇಳಿದ: "ಅವತ್ತು ನಾನು ಕೂಗಿದ್ದು ನಿಂಗೆ ಕೇಳಿಸ್ತಾ?"

"ಇಲ್ಲಣ್ಣ, ತೋಟದಲ್ಲಿದ್ದೆ" ಎಂದೆ.

"ಅದೇ ಅನ್ಕೊಂಡೆ. ಕೇಳ್ಸಿದ್ರೆ ನೀನು ಬರ್ದೇ ಇರ್ತಿದ್ಯೇನಮ್ಮ?" ಎಂದ.