ಗಾಳಿ ಒಲ್ಲದ ಜೀವಗಳು

ಕಣ್ಣೆದುರೇ ಕರೆದುಕೊಟ್ಟ ಹಾಲಿಗೂ ಬೆರಳದ್ದಿ ನೋಡುವ ಹೆಂಗಸು ಅವಳು. ಬೀದಿಗೆಲ್ಲ ಗುಮಾನಿಯಕ್ಕ. ಗಂಡನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೋಟುಗಳ ಕಲೆ ತೆಗೆದೇ ಅರ್ಧ ಆಯುಷ್ಯ ಸವೆಸಿದವಳು. ಕಲೆ ಹೋಯಿತೆಂದು ಯಾರೇ ಹೇಳಲಿ, ಬೆಳಕಿಗೆ ಹಿಡಿದು ನೋಡದೆ ನಂಬಿದವಳಲ್ಲ.

ಮನೆಗಂಟಿಕೊಂಡಿದ್ದ ಅದೇ ಅಂಗಡಿಯ ಕ್ಲೋರಿನ್ ಬೆರೆತ ದ್ರಾವಣ ವರ್ಷಗಟ್ಟಲೆ ನೆಲಕ್ಕಿಳಿದು ಹಿತ್ತಲ ಬಾವಿಯನ್ನು ಕೆಡಿಸಿತ್ತು. ಗಂಡ ತೀರಿಕೊಂಡ, ಅಂಗಡಿ ಮುಚ್ಚಿತು, ಬಾವಿಗೂ ಬೀಗ ಬಿತ್ತು. ಬಸುರಿ ಮಗಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: “ಬಾವಿ ಸರಿಯಾಗೋವರೆಗೆ ಮಗೂನ ಆ ಮನೆಗೆ ತರಲ್ಲಮ್ಮ.”

ನೀರು ಪರೀಕ್ಷೆಯ ಹುಡುಗಿ ಬಂದು ಹಿತ್ತಲಲ್ಲಿ ಕೊಳವೆ ಇಳಿಸಿದಳು. ಅದಕ್ಕೆ ಕಬ್ಬಿನ ಸಿಹಿ ಕಾಕಂಬಿ ಸುರಿದು, ಬಿಗಿ ಮುಚ್ಚಿದ ಡ್ರಮ್ಮಿನಿಂದ ಕಪ್ಪು ನೀರನ್ನೂ ಬಿಟ್ಟಳು.

“ವಿಷಕ್ಕೆ ಕಾಕಂಬಿ ಹೊಯ್ತೀಯಲ್ಲೇ, ಇರುವೆ ಸಾಕ್ತೀಯಾ?”

“ಇರುವೆ ಅಲ್ಲಮ್ಮ, ಬ್ಯಾಕ್ಟೀರಿಯಾ. ಕಪ್ಪು ನೀರಲ್ಲಿವೆ. ಕಾಕಂಬಿ ಅವುಗಳ ಊಟಕ್ಕೆ. ವಿಷದಿಂದ ಕ್ಲೋರಿನ್ ಕಣಗಳನ್ನ ಒಂದೊಂದಾಗಿ ಕಿತ್ತು ಹಾಕ್ತವೆ. ಕೊಳವೆ ಮುಚ್ಚಳ ಮಾತ್ರ ತೆಗೀಬೇಡಿ.”

ಬೇಡ ಅಂದದ್ದೇ ತಪ್ಪಾಯಿತು. ವ್ಯಾನು ಮೂಲೆ ತಿರುಗಿದ್ದೇ ತಡ, ಗುಮಾನಿಯಕ್ಕ ಮುಚ್ಚಳ ತಿರುಗಿಸಿದಳು. ಕೊಳೆತ ಮೊಟ್ಟೆಯ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಅಯ್ಯೋ, ಜೀವಗಳೆಂದಳಲ್ಲ, ಉಸಿರುಗಟ್ಟಿ ಸಾಯುತ್ತಿವೆ! ಇವು ಸತ್ತರೆ ಬಾವಿ ಸರಿಯಾಗುವುದು ಹೇಗೆ, ಮೊಮ್ಮಗು ಬರುವುದು ಹೇಗೆ? ಅಟ್ಟದ ಮೇಲೆ ಮಗಳ ಹಳೆಯ ಮೀನಿನ ತೊಟ್ಟಿಯ ಗಾಳಿ ಪಂಪಿತ್ತು. ಅದರ ನಳಿಕೆಯನ್ನು ಕೊಳವೆಗೆ ಇಳಿಸಿ, ಗುಳುಗುಳು ಸದ್ದು ಕೇಳಿದ ಮೇಲೇ ಅವಳಿಗೆ ಸಮಾಧಾನ. ದಿನಾ ಪಾತ್ರೆ ತೊಳೆಯುವಾಗ ಇದೂ ಒಂದು ಕೆಲಸವಾಯಿತು.

ಮುಂದಿನ ಸಲ ನೀರು ತೆಗೆದು ಪರೀಕ್ಷಿಸಿದ ಹುಡುಗಿಯ ಮುಖ ಸಪ್ಪಗಾಯಿತು. “ಕೆಲಸ ಅರ್ಧಕ್ಕೇ ನಿಂತಿದೆ. ಈ ಅರ್ಧ ಮುರಿದ ವಿಷ ಮೊದಲಿನದಕ್ಕಿಂತ ಕೆಟ್ಟದ್ದು.”

“ನಂಗೆ ಆಗ್ಲೇ ಗುಮಾನಿ ಇತ್ತು, ನಿನ್ನ ಡ್ರಮ್ಮೇ ಕಲಬೆರಕೆ!”

ಹುಡುಗಿಯ ಕಣ್ಣು ಬಟ್ಟೆ ಒಣಗಿಸುವ ತಂತಿಯ ಕಡೆ ಹೋಯಿತು. ಅಲ್ಲಿ ನೇತಾಡುತ್ತಿದ್ದ ನಳಿಕೆಯಿಂದ ಕಪ್ಪು ಹನಿ ತೊಟ್ಟಿಕ್ಕುತ್ತಿತ್ತು.

“ಇದೇನಮ್ಮ?”

“ಉಸಿರು,” ಎಂದಳು ಗುಮಾನಿಯಕ್ಕ, ದನಿ ತಗ್ಗಿಸಿ. “ಮೀನಿಗೆ ಕೊಡ್ತಿದ್ವಲ್ಲ, ಹಾಗೆ.”

“ಈ ಜೀವಕ್ಕೆ ಗಾಳಿನೇ ವಿಷ ಕಣಮ್ಮ!”

ಮತ್ತೊಂದು ಡ್ರಮ್ಮು ಬಂತು. ಈ ಸಲ ಕೊಳವೆಯ ಮುಚ್ಚಳ ಬಿಗಿದವಳು ಗುಮಾನಿಯಕ್ಕನೇ. ಆಮೇಲೆ ಅವಳ ಗುಮಾನಿಯೆಲ್ಲ ಆ ಮುಚ್ಚಳದ ಹತ್ತಿರ ಸುಳಿದವರ ಮೇಲೆ. ಹುಡುಗಿಯನ್ನೂ ಬಿಡಲಿಲ್ಲ: “ಬೇಗ ಮುಚ್ಚೇ, ಗಾಳಿ ಒಳಗೆ ಹೋಗುತ್ತೆ!”

ನೀರು ಶುದ್ಧವೆಂಬ ವರದಿ ಬರುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿತ್ತು. ಮಗಳು ಮಗುವನ್ನೆತ್ತಿಕೊಂಡು ಬಂದು ಹಿತ್ತಲಲ್ಲಿ ನಿಂತಳು. ಗುಮಾನಿಯಕ್ಕ ಬಾವಿನೀರಿನ ಮೊದಲ ಲೋಟವನ್ನು ಬೆಳಕಿಗೆ ಹಿಡಿದಳು. ತಿಳಿಯಾಗಿತ್ತು. ಆದರೆ ವಿಷವಿದ್ದಾಗಲೂ ಹೀಗೇ ತಿಳಿಯಾಗಿತ್ತಲ್ಲ.

“ವರದಿ ಬಂದಿದೆಯಲ್ಲಮ್ಮ,” ಎಂದಳು ಮಗಳು.

“ಬರಲಿ. ಒಂದಷ್ಟು ದಿನ ನಾನು ಕುಡೀತೀನಿ. ಮಗೂಗೆ ಆಮೇಲೆ.”