ಸೂಜಿ ತೆಗೆದ ಹೊಲಿಗೆ ಮಷೀನು

ಇವತ್ತು ಬೆಳಿಗ್ಗೆ ನನ್ನ ಸೊಸೆ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಬೀಳಿಸಿ ಒಡೆದಳು. ಗೋಬಿ ಮಂಚೂರಿಗೆ ಬೇಕಂತೆ. ನಾನು ಏನೂ ಅನ್ನಬಾರದೆಂದೇ ಇದ್ದೆ. ಈ ಮನೆಯಲ್ಲಿ ನನ್ನ ಬಾಯಿಗೆ ಈಗಾಗಲೇ ಬೇಕಾದಷ್ಟು ಹೆಸರಿದೆ. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿ ಕೈಲಿದ್ದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದೆ. ಸೊಸೆ ಗಾಬರಿಯಾಗಿ, “ಒಂದ ಬಾಟ್ಲಿಗೆ ಇಷ್ಟ್ಯಾಕ್ರಿ ಅತ್ತಿ ಸಿಟ್ಟು?” ಎಂದಳು.

ಬಾಟಲಿಗಲ್ಲ. ಅವಳಿಗೆ ಒಲೆಯ ಮೇಲೆ ಕೆಲಸವಿದೆ, ನಿಮಗಾದರೂ ಹೇಳುತ್ತೇನೆ, ಕುಳಿತುಕೊಳ್ಳಿ. ಸಿನೆಮಾ ರೀಲು ಸುಟ್ಟರೆ ಹೆಚ್ಚುಕಡಿಮೆ ಇದೇ ವಾಸನೆ ಬರುತ್ತದೆ. ಸುಮಾರು ಐವತ್ತು ವರ್ಷದ ಹಿಂದೆ ಸಿಂದಗಿಯಲ್ಲಿ, ನಮ್ಮ ಬಚ್ಚಲಮನೆಯ ನೀರೊಲೆಯಲ್ಲಿ, ಮೂರು ನಿಮಿಷದ ಒಂದು ಸಿನೆಮಾ ಬೂದಿಯಾಯಿತು. ಅದಕ್ಕೆ ಎರಡನೆಯ ಪ್ರತಿ ಇರಲಿಲ್ಲ. ಅದನ್ನು ತೆಗೆದವಳು ನನ್ನ ನೆಗೆಣ್ಣಿ ಗುರುಬಾಯಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಕ್ಯಾಮೆರಾ ಯಾವುದೆಂದು ಕೇಳಿದರೆ ನೀವು ನಗುತ್ತೀರಿ. ನಗಿರಿ, ಊರೆಲ್ಲ ನಕ್ಕಿದೆ. ಅವಳ ಕ್ಯಾಮೆರಾ ಅವಳ ಹೊಲಿಗೆ ಮಷೀನು.

ನಾನು ಬಸವನ ಬಾಗೇವಾಡಿಯಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಅಕ್ಕನಿಗೆ ಮೂವತ್ತು ತುಂಬಿರಲಿಲ್ಲ, ಗಂಡ ತೀರಿ ಎರಡು ವರ್ಷವಾಗಿತ್ತು. ಭಾವನವರದು ಬಜಾರದಲ್ಲಿ ಫೋಟೋ ಸ್ಟುಡಿಯೋ. ಅವರು ಹೋದಮೇಲೆ ನಮ್ಮವರು ಆ ಜಾಗದಲ್ಲಿ ಕಿರಾಣಿ ಅಂಗಡಿ ಇಟ್ಟರು. ಮುಂದೆ ಬೆಲ್ಲ, ತೊಗರಿಬೇಳೆ. ಹಿಂದೆ ಫೋಟೋ ತೊಳೆಯುವ ಕತ್ತಲಕೋಣೆ ಹಾಗೇ ಉಳಿದಿತ್ತು. ಅದರ ಕೀಲಿಯನ್ನು ಅಕ್ಕ ಅಲ್ಲಿಯವರೆಗೆ ಸೆರಗಿನ ಗಂಟಿನಿಂದ ಬಿಚ್ಚಿ ಯಾರಿಗೂ ಕೊಟ್ಟಿರಲಿಲ್ಲ. ಹಗಲು ಅಂಗಳದಲ್ಲಿ ಎಂಟು ಹತ್ತು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ನನಗೂ ಕಲಿಸಿದಳು. ನಾನು ಹೊಲಿದ ಮೊದಲ ಜಂಪರಿನ ಎರಡೂ ತೋಳು ಒಂದೇ ಬಗಲಿಗೆ ಬಂದಿದ್ದವು. ಆಕೆ ಬೈಯಲಿಲ್ಲ, ಅರ್ಧ ತಾಸು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ತಪ್ಪನ್ನು ಅಷ್ಟು ಹೊತ್ತು ಪ್ರೀತಿಯಿಂದ ನೋಡುವ ಮನುಷ್ಯರನ್ನು ನಾನು ಆಮೇಲೆ ಕಂಡಿಲ್ಲ.

ಊರಿಗೆ ಆಗ ಟೂರಿಂಗ್ ಟಾಕೀಸು ಬರುತ್ತಿತ್ತು. ಅದರ ಆಪರೇಟರ್ ಹುಸೇನಸಾಬರು ಭಾವನವರ ಗೆಳೆಯರು, ಹಾಗಾಗಿ ಅಕ್ಕನಿಗೆ ಮಷೀನಿನ ಕೋಣೆಗೆ ಪ್ರವೇಶವಿತ್ತು. ಒಮ್ಮೆ ಅಲ್ಲಿಂದ ಬಂದವಳೇ ನನ್ನನ್ನು ಕೈಮಷೀನಿನ ಮುಂದೆ ಕೂರಿಸಿ ನಿಧಾನವಾಗಿ ಗಾಲಿ ತಿರುಗಿಸಿದಳು.

“ನೋಡವಾ, ಬಟ್ಟೀನ ಎಳೀತೈತಿ. ನಿಂದರಸ್ತೈತಿ. ಚುಚ್ಚತೈತಿ. ಮತ್ತ ಎಳೀತೈತಿ. ಸಿನೆಮಾ ಮಷೀನೂ ಇಷ್ಟ ಮಾಡತೈತಿ. ಸೂಜಿ ಬದ್ಲಿ ಬೆಳಕು ಚುಚ್ಚತೈತಿ, ಅಷ್ಟ.”

ನನಗೆ ತಿಳಿಯಲಿಲ್ಲ. ತಿಳಿದವಳಂತೆ ತಲೆಯಾಡಿಸಿದೆ. ಹೊಸ ಸೊಸೆಯಂದಿರಿಗೆ ಅದೊಂದು ವಿದ್ಯೆ ಬೇಗ ಬರುತ್ತದೆ.

ಆಮೇಲೆ ಆರು ತಿಂಗಳು ಆಕೆಯದು ಒಂದೇ ಧ್ಯಾನ. ಸೂಜಿ ತೆಗೆದು, ಅದನ್ನು ಹಿಡಿದು ಮೇಲೆ ಕೆಳಗೆ ಆಡುವ ಕಡ್ಡಿಗೆ ಡಬ್ಬಿಯ ತಗಡಿನ ಚೂರೊಂದನ್ನು ಕಟ್ಟಿದಳು. ಚೂರಿನಲ್ಲಿ ಒಂದು ಕಿಂಡಿ. ಕಡ್ಡಿ ಕೆಳಗಿಳಿದಾಗ ಕಿಂಡಿ ಮಸೂರದ ಮುಂದೆ ಬಂದು ಬೆಳಕು ಬೀಳುತ್ತದೆ, ಮೇಲೆ ಹೋದಾಗ ಮುಚ್ಚುತ್ತದೆ. ಮಸೂರ ಭಾವನವರ ಹಳೆಯ ಕ್ಯಾಮೆರಾದ್ದು. ಬಟ್ಟೆ ಎಳೆಯುವ ಹಲ್ಲುಗಳನ್ನು ಅರದಿಂದ ತಿಕ್ಕಿ ತಿಕ್ಕಿ ಫಿಲ್ಮಿನ ಅಂಚಿನ ತೂತಿಗೆ ಸರಿಯಾಗಿ ಕೂರುವಂತೆ ಮಾಡಿದಳು. ಯಂಕಂಚಿಯ ಬಡಿಗೇರ ಒಬ್ಬರು ಎಲ್ಲವನ್ನೂ ಮುಚ್ಚುವ ಕರಿ ಪೆಟ್ಟಿಗೆ ಮಾಡಿಕೊಟ್ಟರು. ಜೇನು ಸಾಕಾಕ ಏನ್ರಿ ಎಂದು ಕೇಳಿದರಂತೆ. ಫಿಲ್ಮಿಗೆ ತೊಂದರೆ ಇರಲಿಲ್ಲ, ಕಾಯುವುದೇ ತೊಂದರೆ. ಸಿನೆಮಾದವರು ಬಳಸಿ ಉಳಿಸಿದ ತುಂಡುಗಳನ್ನು ಆಗ ಫೋಟೋ ಸ್ಟುಡಿಯೋದವರು ಮುಂಬಯಿಯಿಂದ ತರಿಸಿಕೊಳ್ಳುತ್ತಿದ್ದರು. ಭಾವನವರಿಗೆ ಅಲ್ಲಿಂದ ಕಳಿಸುತ್ತಿದ್ದ ಝಳಕಿಯ ಮನುಷ್ಯನೇ ಅಕ್ಕನಿಗೂ ಕಳಿಸುತ್ತಿದ್ದ, ಅವನಿಗೆ ಮನಸ್ಸು ಬಂದಾಗ, ಒಂದೊಂದೇ ತುಂಡು.

ಕ್ಯಾಮೆರಾ ಅಲುಗಾಡುವಂಥದ್ದಲ್ಲ. ಅದು ಕಟ್ಟೆಯ ಮೇಲೆ ಗೌಡರಂತೆ ಕುಳಿತಿರುತ್ತಿತ್ತು, ನಾವೇ ಬಿಸಿಲಿನಲ್ಲಿ ಅದರ ಮುಂದೆ ಹೋಗಿ ಕೂರಬೇಕು. ಹೊಲಿಗೆಗೆ ಬರುತ್ತಿದ್ದ ಹೆಂಗಸರೆಲ್ಲ ಸರದಿಯಂತೆ ಕುಳಿತರು. ಒಬ್ಬಳು ದಾರ ಪೋಣಿಸಿದಳು, ಒಬ್ಬಳು ಜೋಳ ಹಸನು ಮಾಡಿದಳು, ಇನ್ನೊಬ್ಬಳು ಕೂಸಿನ ತಲೆ ನೋಡಿದಳು. ನಾನು ಲಗ್ನದ ಇಳಕಲ್ ಸೀರೆ ಉಟ್ಟು ಮುಖಕ್ಕೆ ಪೌಡರ್ ಮೆತ್ತಿಕೊಂಡು ಬಂದೆ. ಅಕ್ಕ ಗಾಲಿಯ ಮೇಲಿನ ಕೈ ತೆಗೆಯದೆ, “ಯಾರ ಲಗ್ನಕ್ಕ ಹೊಂಟೀಯವಾ? ಹೋಗಿ ದಿನದ ಸೀರಿ ಉಟ್ಕೊಂಡ ಬಾ” ಎಂದಳು. ಮುಖ ತೊಳೆದುಕೊಂಡು ಬಂದು ಹೆರಳು ಹಾಕಿಕೊಂಡೆ. ಅಷ್ಟೇ ನನ್ನ ಪಾತ್ರ.

ಫಿಲ್ಮು ತೊಳೆದು ಒಣಗಿದಮೇಲೆ ಹುಸೇನಸಾಬರು ತಮ್ಮ ಮಷೀನಿಗೆ ಹಾಕಿ ಕೋಣೆಯ ಗೋಡೆಯ ಮೇಲೆ ಬಿಟ್ಟರು. ಹೆರಳು ಹಾಕುವ ನನಗೆ ನಾಲ್ಕು ಜೊತೆ ಕೈ. ಒಂದರ ಮೇಲೊಂದು, ತೆಳುವಾಗಿ, ಹಿಂದಿನ ಕೈ ಹೋಗುವ ಮೊದಲೇ ಮುಂದಿನದು ಬಂದಿರುತ್ತಿತ್ತು. ಸಾಬರು ಪಾಪ ಬೇಜಾರಾಗಿ ಹೇಳಿದರು: “ತಪ್ಪಾಗೇತ್ರಿ ಬಾಯಾರ. ನಾಕು ತೂತಿಗೆ ಒಂದು ಚಿತ್ರ ತಗೀಬೇಕು. ನಿಮ್ಮ ಮಷೀನ ಒಂದೊಂದು ಹೊಲಿಗಿಗೆ ಒಂದೊಂದ ತೂತು ಜಗ್ಗೇತಿ.”

ಅಕ್ಕ ಇನ್ನೊಮ್ಮೆ ಬಿಡಿರಿ ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ, “ತಪ್ಪಲ್ಲ ಬಿಡ್ರಿ ಇದು. ಹೆಣಮಕ್ಕಳ ಕೈ ಹಿಂಗ ಇರ್ತಾವ. ಒಂದ ಕೆಲಸ ಮುಗಿಯೂದರಾಗ ಇನ್ನೊಂದಕ್ಕ ಹೋಗಿರ್ತಾವ” ಎಂದಳು.

ಸಾಬರು ಇನ್ನೊಂದು ಮಾತು ಹೇಳಿದ್ದರು, ಅದನ್ನು ಕೇಳಬೇಕಿತ್ತು. ಇದು ನೆಗೆಟಿವ್, ಕಪ್ಪು ಬಿಳಿ ಅದಲುಬದಲು ಇದೆ, ಇದರಿಂದ ಇನ್ನೊಂದು ಪ್ರತಿ ಮಾಡಿಸಿ ತೋರಿಸಿರಿ ಎಂದಿದ್ದರು. ಅದಕ್ಕೆ ಅಷ್ಟೇ ಉದ್ದದ ಫಿಲ್ಮು ಬೇಕು. ಅಷ್ಟು ಇದ್ದರೆ ಇನ್ನೊಂದು ಸಿನೆಮಾ ತೆಗೆಯುತ್ತೇನಲ್ಲ ಎಂದಳು ಅಕ್ಕ. ಅವಳ ಲೆಕ್ಕ ಅವಳದು.

ತೋರಿಸುವ ದಿನಕ್ಕೆ ಪರದೆಯನ್ನು ತಾನೇ ಹೊಲಿದಳು. ಒಂದಲ್ಲ, ಮೂರು, ತೆಳು ಮಲಮಲ್ ಬಟ್ಟೆಯವು, ಒಂದರ ಹಿಂದೊಂದು ಮೊಳ ಅಂತರದಲ್ಲಿ. ಚಿತ್ರ ಮೊದಲನೆಯದರ ಮೇಲೂ ಬೀಳಬೇಕು, ಹಾಯ್ದು ಹಿಂದಿನವುಗಳ ಮೇಲೂ ಬೀಳಬೇಕು. ಸಂಜೆ ಮೊದಲನೆಯ ಆಟಕ್ಕೆ ಮುಂಚೆ, ಬೀಡಿ ಜಾಹೀರಾತಿನ ಸ್ಲೈಡುಗಳು ಮುಗಿದ ಕೂಡಲೇ ಹುಸೇನಸಾಬರು ನಮ್ಮ ಸಿನೆಮಾ ಬಿಟ್ಟರು. ನಮ್ಮ ಅಂಗಳದ ಹೆಂಗಸರು ಎಂಟಾಳೆತ್ತರವಾಗಿ ಎದ್ದು ನಿಂತರು. ತಂಬುವಿನ ಪಕ್ಕದಿಂದ ಗಾಳಿ ಹೊಕ್ಕು ಮೂರೂ ಬಟ್ಟೆಗಳು ಬೇರೆ ಬೇರೆಯಾಗಿ ಅಲುಗಿದಾಗ, ಅವರು ಉಸಿರಾಡಿದರು. ನಾನು ಪಕ್ಕದವಳ ಕೈ ಹಿಡಿದುಕೊಂಡೆ. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ, ಇನ್ನೂ ನೋಡಿಲ್ಲ.

ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ನೆಗೆಟಿವ್‌ನಲ್ಲಿ ಕರಿ ಕೂದಲು ಬೆಳ್ಳಗಾಗಿತ್ತು. ಹಣೆಯ ಕುಂಕುಮ ಬೆಳ್ಳಗಾಗಿ ಬೂದಿ ಹಚ್ಚಿದಂತಿತ್ತು. ಕೊರಳ ಕರಿಮಣಿಯ ಕಪ್ಪು ಹೋಗಿತ್ತು. ಗಂಡಸರ ಕಡೆಯಿಂದ ಬಜಾರದ ಹಿರಿಯರೊಬ್ಬರು ಎದ್ದರು. ಹೆಸರು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳಲಾರೆ.

“ಬಂದ ಮಾಡೋ ಅದನ್ನ. ತಾ ರಂಡಿ ಆಗಿದ್ದು ಸಾಲಲಿಲ್ಲಂತ ನಮ್ಮ ಹೆಣಮಕ್ಕಳ ಕುಂಕುಮಾನೂ ಅಳಸ್ಯಾಳ.”

ಈ ಮಾತು ನೆನೆದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆ ಮನುಷ್ಯನ ಲಗ್ನದ ಫೋಟೋ ತೆಗೆದವರೇ ನಮ್ಮ ಭಾವನವರು. ಅದರ ನೆಗೆಟಿವ್ ಅವನ ಮನೆಯ ಟ್ರಂಕಿನಲ್ಲಿ ಖಾಕಿ ಲಕೋಟೆಯೊಳಗೆ ಇತ್ತು. ಅದರಲ್ಲೂ ಅವನ ಹೆಂಡತಿಯ ಕೂದಲು ಬಿಳಿ, ಕುಂಕುಮ ಬಿಳಿ. ಅವನಿಗೇನಾಯಿತು? ಎಂಬತ್ತೈದು ವರ್ಷ ಬದುಕಿ, ಊರಿನ ತಲೆ ತಿಂದು, ತುಪ್ಪದ ಹೋಳಿಗೆ ಉಂಡು ಸತ್ತ. ಬಜಾರದ ಪ್ರತಿ ಮನೆಯಲ್ಲೂ ಅಂಥ ಲಕೋಟೆ ಇತ್ತು. ಲಕೋಟೆಯಲ್ಲಿದ್ದರೆ ಗಂಡ ಸಾಯುವುದಿಲ್ಲ, ವಿಧವೆ ತೆಗೆದು ಪರದೆಗೆ ಬಿಟ್ಟರೆ ಸಾಯುತ್ತಾನೆ. ಎಂಥ ಶಾಸ್ತ್ರ ನೋಡಿ.

ಮರುದಿನ ಹೊಲಿಗೆಗೆ ಒಬ್ಬಳೂ ಬರಲಿಲ್ಲ. ಮಧ್ಯಾಹ್ನ ನಾಲ್ಕಾರು ಜನ ಅಂಗಡಿಗೆ ಬಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡರು. ನಮ್ಮವರು ಮನೆಗೆ ಬಂದು, ನೆಲ ನೋಡುತ್ತ, “ವೈನಿ, ಕತ್ತಲಕೋಣಿ ಕೀಲಿ ನನ್ನ ಕಡೆ ಇರಲಿ” ಎಂದರು. ಅಕ್ಕ ಗಂಟು ಬಿಚ್ಚಿ ಕೊಟ್ಟಳು. ರೀಲಿನ ಡಬ್ಬಿ ಮಾತ್ರ ತನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿಟ್ಟು ನನಗೆ ಹೇಳಿದಳು: “ಮುಂಬೈದಾಗ ಇಂಥಾವನ್ನ ಕುಂತು ನೋಡೂ ಮಂದಿ ಅದಾರಂತ, ಸಾಬರು ಹೇಳ್ಯಾರ. ಸುಗ್ಗಿ ಮುಗೀಲಿ, ಒಯ್ದು ತೋರಸ್ತೇನಿ.” ಆಕೆಗೆ ಬೇಕಾಗಿದ್ದು ಅಷ್ಟೇ. ಕಣ್ಣಿದ್ದವರು ಒಮ್ಮೆ ನೋಡಬೇಕು.

ಆ ಡಬ್ಬಿ ಮುಂಬಯಿ ಕಾಣಲಿಲ್ಲ. ಊರವರು ಸುಡಿಸಿದರು ಎಂದು ನಾನು ಐವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಇಂಡಿಯ ಬೀಗರ ಮುಂದೆ ಹೇಳಿದ್ದೇನೆ, ಮುದ್ದೇಬಿಹಾಳದ ನಾದಿನಿಯ ಮನೆಯಲ್ಲಿ ಹೇಳಿದ್ದೇನೆ, ಊರಿಗೆ ಹಿಡಿಹಿಡಿ ಶಾಪ ಹಾಕುತ್ತ ಹೇಳಿದ್ದೇನೆ. ನಿಮಗೂ ಹಾಗೇ ಹೇಳಿ ಎದ್ದುಬಿಡಬಹುದಿತ್ತು.

ಆ ಆಟವಾದ ಹದಿನೈದನೆಯ ದಿನಕ್ಕೆ ನಮ್ಮವರ ಕಣ್ಣು ಹಳದಿಯಾದವು. ಕಾಮಾಲೆ. ಡಾಕ್ಟರು ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಅಕ್ಕನ ತವರು ಆಲಮೇಲದಲ್ಲಿ ಕಾಮಾಲೆಗೆ ಬೇರಿನ ಔಷಧ ಕೊಡುವವರೊಬ್ಬರಿದ್ದರು. “ಹೆದರಬ್ಯಾಡ, ತರ್ತೇನಿ” ಎಂದು ಹೇಳಿ ಅಕ್ಕ ಬೆಳಗಿನ ಮೊದಲ ಬಸ್ಸಿಗೆ ಹೋದಳು. ಬಸ್ಸು ಊರು ದಾಟಿರಲಿಕ್ಕಿಲ್ಲ, ನಾನು ಅವಳ ಪೆಟ್ಟಿಗೆ ತೆರೆದೆ. ಯಾರೂ ನನಗೆ ಹೇಳಿರಲಿಲ್ಲ. ಆ ಹಿರಿಯ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ, ನಮ್ಮವರು ಜ್ವರದಲ್ಲಿ ಮಲಗಿದ್ದರು. ಪರದೆಯ ಮೇಲಿನ ನನ್ನ ಬಿಳಿ ಹಣೆ ಕಣ್ಣಿಗೆ ಕಟ್ಟಿ, ನನ್ನ ಕೈಯಾರೆ, ರೀಲನ್ನು ಬಿಚ್ಚಿ ಬಿಚ್ಚಿ ನೀರೊಲೆಗೆ ಹಾಕಿದೆ. ಅದು ಸುಮ್ಮನೆ ಉರಿಯಲಿಲ್ಲ, ಸುರುಟಿಕೊಂಡು ಕರಗುತ್ತ ಹೊಗೆಯಾಡಿತು. ಮೊಂಡುಬಿದ್ದು ಕೂತು ಪೂರ್ತಿ ಸುಟ್ಟೆ. ಅದೇ ನೀರಿನಲ್ಲಿ ಸ್ನಾನವನ್ನೂ ಮಾಡಿದೆ.

ಮಧ್ಯಾಹ್ನ ಅಕ್ಕ ಔಷಧದ ಪೊಟ್ಟಣ ಹಿಡಿದು ಒಳಗೆ ಬಂದಳು. ಬಾಗಿಲಲ್ಲೇ ಮೂಗಿಗೆ ತಿಳಿಯಿತು. ಫೋಟೋದವನ ಹೆಂಡತಿ, ತಿಳಿಯದೆ ಇರುತ್ತದೆಯೇ? ಬಚ್ಚಲಮನೆಯತ್ತ ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. ಬೇರು ತೇಯ್ದು ಹಾಲಿಗೆ ಕಲೆಸಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು, “ಮೊದಲ ಇದನ್ನ ಕುಡಸು” ಎಂದಳು. ಸಂಜೆ ನಮ್ಮವರು ಏನು ವಾಸನೆ ಎಂದು ಕೇಳಿದಾಗ, “ನಾನ ಸುಟ್ಟೆ ಅದನ್ನ, ಮನಿಯಾಗ ಯಾಕ ಬೇಕು” ಎಂದಳು. ನಾನು ಬಟ್ಟಲು ತೊಳೆಯಲು ಎದ್ದುಹೋದೆ. ಎಂಟು ಹತ್ತು ದಿನ ಕಳೆದು, ಮಷೀನಿಗೆ ಮತ್ತೆ ಸೂಜಿ ಹಾಕುತ್ತ, ನನ್ನತ್ತ ತಿರುಗದೆ ಒಂದೇ ಮಾತು ಹೇಳಿದಳು.

“ನಿನ್ನ ಕೈ ಭಾಳ ಚಲೋ ಬಂದಿದ್ದೂ ಅದರಾಗ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಮ್ಮವರು ಗುಣವಾದರು. ಅಕ್ಕ ತಂದ ಬೇರಿನಿಂದಲೋ, ಡಾಕ್ಟರ ಗುಳಿಗೆಯಿಂದಲೋ, ಕಾಮಾಲೆ ತಾನಾಗಿ ಇಳಿಯುವ ಹೊತ್ತಿಗೆ ಇಳಿಯಿತೋ. ನಾನು ಮಾತ್ರ, ನಾಚಿಕೆಗೇಡಿ, ಎಷ್ಟೋ ವರ್ಷ ಒಳಗೊಳಗೆ ಸುಟ್ಟದ್ದರಿಂದಲೇ ಎಂದು ನಂಬಿದ್ದೆ. ಹೊರಗೆ ಊರನ್ನು ಬೈಯುವುದು, ಒಳಗೆ ಊರಿನ ಮಾತನ್ನೇ ಕುಂಕುಮದ ಭರಣಿಯಲ್ಲಿಟ್ಟು ಪೂಜಿಸುವುದು. ಒಂಬತ್ತು ವರ್ಷದ ಹಿಂದೆ ನಮ್ಮವರು ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದು ಹೋದರು. ಅಕ್ಕ ಅದಕ್ಕೂ ಮುಂಚೆಯೇ ಹೋಗಿದ್ದಳು, ಕೊನೆಯವರೆಗೂ ಜಂಪರು ಹೊಲಿಯುತ್ತ. ಇನ್ನೊಂದು ಅಡಿ ಫಿಲ್ಮನ್ನೂ ತರಿಸಲಿಲ್ಲ.

ಇವತ್ತು ಬೆಳಿಗ್ಗೆ ಆ ಬಾಟಲಿಯ ಗಾಜು ಆಯ್ದು ನೆಲ ಒರೆಸಿದಮೇಲೆ ಫೋನು ತೆಗೆದುಕೊಂಡೆ. ಹೋದ ವಾರ ಸಿಂದಗಿಯ ಕಾಲೇಜಿನ ಒಬ್ಬ ಮೇಡಂ ಬಂದು ತಾಲೂಕಿನ ಮರೆತುಹೋದ ಹೆಂಗಸರ ಬಗ್ಗೆ ಪುಸ್ತಕ ಮಾಡುತ್ತಿದ್ದೇವೆ ಎಂದು ಅಕ್ಕನ ಕತೆ ಬರೆದುಕೊಂಡು ಹೋಗಿದ್ದಳು. ಊರವರು ಸುಡಿಸಿದರು ಎಂದೇ ಬರೆಸಿದ್ದೆ. ಈಗ ಅದನ್ನು ಹೊಡೆದುಹಾಕು, ಸುಟ್ಟವಳು ನಾನು ಎಂದೆ. ಆಕೆ ಹೇಳಿದಳು:

“ಅದು ಹಂಗ ಇರ್ಲಿ ಬಿಡ್ರಿ ಅಜ್ಜಿ. ಊರವರು ಅಂದ್ರ ಓದೋರಿಗೆ ಸಿಟ್ಟು ಬರತೈತಿ. ನೀವು ಅಂದ್ರ ಮನಿ ಮಾತು ಆಗತೈತಿ.”

“ಮನಿ ಮಾತ ಐತಿ ಅದು. ಬರ್ಕೋ.”

“ಹಂಗಾದ್ರ ‘ಮನೆಯವರೊಬ್ಬರು’ ಅಂತ ಹಾಕ್ತೇನ್ರಿ. ಹೆಸರು ಬ್ಯಾಡ.”

ಆ ಬಜಾರದ ಹಿರಿಯನ ಮೇಲೂ ಬಾರದಷ್ಟು ಸಿಟ್ಟು ನನಗೆ ಆ ಹುಡುಗಿಯ ದಯೆಯ ಮೇಲೆ ಬಂತು. ಹೆಸರು ಹಾಕು ಎಂದೆ. ನನ್ನ ಹೆಸರು, ನಮ್ಮವರ ಹೆಸರು, ಮನೆತನದ ಹೆಸರು, ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಆಕೆ ಬರೆದದ್ದನ್ನು ತಿರುಗಿ ಓದಿ ಹೇಳುವವರೆಗೆ ಫೋನು ಇಡಲಿಲ್ಲ.